ಇಲ್ಲಿ ಮಕ್ಕಳಿಲ್ಲ

ನಾನು ಚಿಕ್ಕವಳಿದ್ದಾಗ ಮನೆಯತ್ತ ಗುರುತಿಲ್ಲದ ಗಾಡಿ ಬಂದರೆ ಅಮ್ಮ ಮೊದಲು ರೇಡಿಯೊ ಆರಿಸುತ್ತಿದ್ದಳು, ಆಮೇಲೆ ನನ್ನ ಬಾಯಿಗೆ ಅಂಗೈ ಒತ್ತುತ್ತಿದ್ದಳು. ಗಾಡಿ ಹೋಗಿ ಧೂಳು ಅಡಗುವವರೆಗೆ ಆ ಕೈ ಸಡಿಲವಾಗುತ್ತಿರಲಿಲ್ಲ. ಯಾಕೆಂದು ಕೇಳಿದರೆ ಎದ್ದು ಒಲೆಗೆ ಸೌದೆ ಹಾಕುತ್ತಿದ್ದಳು, ಅಷ್ಟೆ. ನನಗೆ ಮಕ್ಕಳಾದ ಮೇಲೆ ಅವಳಿಗೆ ಖಡಾಖಂಡಿತ ಹೇಳಿದ್ದೆ, ಈ ಭಯ ಅವರಿಗೆ ಬೇಡ ಎಂದು. ಅಮ್ಮ ಒಪ್ಪಿದಳು, ಮಾತಿಗೂ ತಪ್ಪಲಿಲ್ಲ. ಮಗಳು ಡಾರ್ಸೆಲ್‌ಗೆ ಆರು ವರ್ಷ, ಮಗ ವೆಸ್ಲಿಗೆ ಎಂಟು ತಿಂಗಳು. ಇಬ್ಬರ ಬಾಯಿಯನ್ನೂ ಯಾರೂ ಎಂದೂ ಮುಚ್ಚಿರಲಿಲ್ಲ.

ಸಸ್ಕಾಚೆವಾನ್‌ನ ಉತ್ತರದಲ್ಲಿರುವ ನಮ್ಮ ಕ್ರೀ ಆದಿವಾಸಿಗಳ ಊರಿಗೆ ಒಂದೇ ರಸ್ತೆ. ಅಕ್ಟೋಬರ್‌ನ ಆ ಮಧ್ಯಾಹ್ನ ನಾನೂ ಅಮ್ಮನೂ ಹೊರಗೆ ಕೂತು ಹೊಗೆಗೆ ಹಾಕಲು ಮೀನು ಸೀಳುತ್ತಿದ್ದೆವು.

“ಮೀನು ಸೀಳ್ತಿದ್ದೀಯೋ, ಸೌದೆ ಒಡೀತಿದ್ದೀಯೋ?” ಎಂದಳು ಅಮ್ಮ.

“ಹಂಗಾದ್ರೆ ನೀನೇ ಸೀಳು. ನಾನು ಕೂತು ಹೆಸರಿಡ್ತೀನಿ.”

ಅಮ್ಮ ನಗುತ್ತಿದ್ದಂತೆಯೇ ತಿರುವಿನಲ್ಲಿ ಬಿಳಿ ವ್ಯಾನ್ ಕಾಣಿಸಿತು. ನಗು ಅಲ್ಲಿಗೇ ನಿಂತಿತು. ವ್ಯಾನಿನಿಂದ ಇಳಿದ ಹೆಂಗಸು ಒಳ್ಳೆಯವಳಂತೆಯೇ ಇದ್ದಳು.

“ಹಲ್ಲಿನ ಕ್ಲಿನಿಕ್‌ನಿಂದ ಬಂದಿದ್ದೀನಿ. ಮನೇಲಿ ಮಕ್ಕಳಿದ್ದಾರಾ?”

“ಇಲ್ಲ. ಇಲ್ಲಿ ಮಕ್ಕಳಿಲ್ಲ.”

ಯೋಚಿಸುವ ಮೊದಲೇ ಆ ಮಾತು ನನ್ನ ಬಾಯಿಂದ ಬಿದ್ದಿತ್ತು. ಅವಳು ಹಗ್ಗದ ಮೇಲೆ ಒಣಗುತ್ತಿದ್ದ ಪುಟ್ಟ ಕಾಲುಚೀಲಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಸರಿ, ಬರ್ತೀನಿ,” ಎಂದು ವ್ಯಾನ್ ಹತ್ತಿದಳು.

ನಾಚಿಕೆಯಿಂದ ಒಳಗೆ ಹೋದೆ. ವೆಸ್ಲಿಯ ಹಾಸಿಗೆ ಖಾಲಿ. ಕೂಗಿದೆ. ಡಾರ್ಸೆಲ್ ಓಗೊಡಲಿಲ್ಲ. ನಾನು ಹಿತ್ತಿಲಿಗೆ ಓಡಿದೆ, ಸರೋವರದ ಕಡೆ ನೋಡಿದೆ. ಅಮ್ಮ ಮಾತ್ರ ಎಲ್ಲೂ ಹುಡುಕಲಿಲ್ಲ. ನೇರ ಅಡುಗೆಮನೆಗೆ ಹೋಗಿ, ನೋಯುವ ಮಂಡಿಯೂರಿ, ನೆಲದ ಹಲಗೆ ಎತ್ತಿದಳು.

ಕೆಳಗೆ, ಚಳಿಗಾಲಕ್ಕೆ ಆಲೂಗಡ್ಡೆ ಕೂಡಿಡುವ ಗುಂಡಿಯಲ್ಲಿ, ಮೂಟೆಗಳ ನಡುವೆ ಡಾರ್ಸೆಲ್ ಕೂತಿದ್ದಳು. ತೊಡೆಯ ಮೇಲೆ ತಮ್ಮ. ಅವನ ಮೂಗು ಬಾಯಿಯ ಮೇಲೆ ಅವಳ ಎರಡೂ ಕೈ.

ಕೈ ಬಿಡಿಸಿ ಮಗುವನ್ನು ಕಿತ್ತುಕೊಂಡೆ. ತುಟಿ ನೀಲಿಗಟ್ಟಿತ್ತು. ಬೆನ್ನು ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೊಮ್ಮೆ ಅವನು ಕೆಮ್ಮಿದ, ಆಮೇಲೆ ಕಿರುಚಿ ಅತ್ತ.

“ಯಾರೇ ಹೇಳ್ಕೊಟ್ಟಿದ್ದು ನಿಂಗೆ?” ಡಾರ್ಸೆಲ್‌ಳ ಭುಜ ಹಿಡಿದು ಅಲುಗಾಡಿಸಿದೆ.

“ಯಾರೂ ಇಲ್ಲಮ್ಮ. ಗಾಡಿ ಬಂದಾಗ ನಿನ್ ಮುಖ ಹಂಗಾಗತ್ತಲ್ಲ... ಇವ್ನು ಅತ್ರೆ ಅವ್ರಿಗೆ ಗೊತ್ತಾಗ್ಬಿಡತ್ತೆ ಅಂತ.”

ಅಮ್ಮ ಇನ್ನೂ ನೆಲದ ಮೇಲೆಯೇ ಇದ್ದಳು. “ನಂಗಾಗ ಏಳು ವರ್ಷ,” ಎಂದಳು, ಯಾರನ್ನೂ ನೋಡದೆ. “ತಮ್ಮ ಇಸಿಡೋರ್‌ಗೆ ಐದು. ನಮ್ಮಮ್ಮ ಇಬ್ಬರನ್ನೂ ಇಂಥದ್ದೇ ಗುಂಡೀಲಿ ಇಳಿಸಿದ್ಲು. ಅವನ ಬಾಯಿ ಮುಚ್ಚಿಡು ಅಂದ್ಲು. ಅವ್ನು ಕೈ ಕಚ್ಚಿದ, ಬಿಟ್ಬಿಟ್ಟೆ. ಅತ್ತ. ನಮ್ಮೋರ ಮಕ್ಕಳನ್ನ ಬಲವಂತವಾಗಿ ಒಯ್ದು ದೂರದಲ್ಲಿ ಇಟ್ಕೊಳ್ತಿದ್ದ ಸರ್ಕಾರಿ ಶಾಲೆಯವ್ರು ಇಬ್ಬರನ್ನೂ ಎಳ್ಕೊಂಡ್ ಹೋದ್ರು. ಎರಡನೇ ಚಳಿಗಾಲದಲ್ಲಿ ಅವ್ನು ಸತ್ತ. ಎಲ್ಲಿ ಹೂತ್ರೋ, ಇವತ್ತಿಗೂ ಗೊತ್ತಿಲ್ಲ.”

ಅಮ್ಮ ತನ್ನ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಇನ್ನೂ ಗಟ್ಟಿಯಾಗಿ ಒತ್ತಬೇಕಿತ್ತು ಅಂತ ಅರವತ್ತು ವರ್ಷದಿಂದ ಅಂದ್ಕೊಳ್ತಾನೇ ಇದ್ದೀನಿ.” ವೆಸ್ಲಿಯ ತುಟಿ ನೋಡಿ ಮುಖ ಮುಚ್ಚಿಕೊಂಡಳು. ಅಮ್ಮ ಅತ್ತದ್ದನ್ನು ಅಂದೇ ಮೊದಲು ನೋಡಿದೆ.

ಸಂಜೆಯೊಳಗೆ ಆಲೂಗಡ್ಡೆಯನ್ನೆಲ್ಲ ಕೊಟ್ಟಿಗೆಗೆ ಸಾಗಿಸಿ ಹಲಗೆಗೆ ಮೊಳೆ ಹೊಡೆದೆ. ಡಾರ್ಸೆಲ್ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

“ಇನ್ಮೇಲೆ ಗಾಡಿ ಬಂದ್ರೆ ಎಲ್ಲಿಗೆ ಹೋಗೋದಮ್ಮ?”

“ಎಲ್ಲಿಗೂ ಹೋಗಲ್ಲ ಪುಟ್ಟಿ. ಇಲ್ಲೇ ಇರ್ತೀವಿ.”

ಮರುದಿನ ಕ್ಲಿನಿಕ್‌ಗೆ ಫೋನ್ ಮಾಡಿ, ನನಗೆ ಇಬ್ಬರು ಮಕ್ಕಳಿದ್ದಾರೆ ಎಂದು ಹೇಳಿದೆ. ಗುರುವಾರ ಅದೇ ಹೆಂಗಸು ಬಂದಳು. ಅಮ್ಮ ವೆಸ್ಲಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು, ಒಳಗೆ ಹೋಗಲಿಲ್ಲ.

“ಎಲ್ಲಿ, ದೊಡ್ಡದಾಗಿ ಬಾಯಿ ತೆಗಿ ನೋಡೋಣ,” ಎಂದಳು ಆ ಹೆಂಗಸು.

ಡಾರ್ಸೆಲ್ ಬಾಯಿ ತೆರೆದಳು. ಕಣ್ಣು ಮಾತ್ರ ನನ್ನ ಮುಖದಿಂದ ಕದಲಲಿಲ್ಲ. ನಾನು ನಗಲು ನೋಡಿದೆ.