ಹುಟ್ಟು ಹಿಡಿದ ಜುಂಜಮ್ಮ

ರಾಯದುರ್ಗದ ಬಡಗಣ ದಿಕ್ಕಿನ ದೊಡ್ಡಕೆರೆ ಕೋಡಿ ಬಿತ್ತೆಂದರೆ ಪೇಟೆಯ ಜನಕ್ಕೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮದರಾಸು ಸರ್ಕಾರದ ಆ ಕಾಲದಲ್ಲಿ ನಮ್ಮ ಸೀಮೆಯವರಿಗೆ ನೀರು ಧುಮುಕುವುದನ್ನು ನೋಡುವ ಭಾಗ್ಯ ಏಳೆಂಟು ವರ್ಷಕ್ಕೊಮ್ಮೆ ಬರುತ್ತಿತ್ತು, ಬಿಡುತ್ತಾರೆಯೇ? ಗಾಡಿ ಕಟ್ಟಿಸಿ, ಬುತ್ತಿ ಗಂಟು ಹೊತ್ತು ಬರುವುದು. ಹರಿಗೋಲು ಹತ್ತಿ ಆಚೆ ದಡದ ಗಂಗಮ್ಮನಿಗೆ ಕಾಯಿ ಒಡೆಸುವುದು. ಕೋಡಿ ನೋಡುತ್ತ ಮಂಡಕ್ಕಿ ಮೆಣಸಿನಕಾಯಿ ಮೆಲ್ಲುವುದು. ಅದಕ್ಕಿಂತ ದೊಡ್ಡ ಸುಖ ಇನ್ನೇನಿದೆ!

ಹಾಗೆ ಕೋಡಿ ಬಿದ್ದ ಒಂದು ವರ್ಷ ಹರಿಗೋಲು ನಡೆಸುವ ಯರ್ರಪ್ಪ ಬಂಡೆಯ ಮೇಲೆ ಜಾರಿ ಬಲಗೈ ಮುರಿದುಕೊಂಡ. ಅವನ ತಮ್ಮ ಓಬಯ್ಯ ಹರಿಗೋಲಿನ ಹುಟ್ಟು ತನಗೆ ಬರಲೆಂದು ಹಿರಿಯರ ಮುಂದೆ ಕೂತ. ಯರ್ರಪ್ಪನ ಹೆಂಡತಿ ಜುಂಜಮ್ಮ ಮಾತ್ರ ಬಗ್ಗಲಿಲ್ಲ. ಅವಳು ವೇದಾವತಿ ದಡದವಳು, ಅಪ್ಪನ ಹರಿಗೋಲಿನಲ್ಲೇ ಬೆಳೆದವಳು. ಹುಟ್ಟು ಕಂಡರೆ ಅವಳಿಗೆ ತವರು ಕಂಡಷ್ಟು ಆಸೆ. ಅದು ಒಮ್ಮೆ ಮೈದುನನ ಕೈ ಸೇರಿದರೆ ಮತ್ತೆ ಈ ಮನೆಗೆ ಬರುವುದಿಲ್ಲವೆಂದೂ ಗೊತ್ತಿತ್ತು.

"ಆತು, ಇವತ್ತೊಂದಿನ ನೋಡಾಣ," ಎಂದ ಊರ ಹಿರಿಯ, ಅಂಗಡಿಯ ಚನ್ನಬಸವಯ್ಯ. "ಒಬ್ಬರಿಗೆ ಏನಾರ ಆದ್ರ ಹುಟ್ಟು ಓಬಯ್ಯಗ ಕೊಡಬೇಕು ನೋಡವ್ವ."

"ಹೌದ್ರಿ, ಕೊಡ್ತೀನಿ," ಎಂದಳು ಜುಂಜಮ್ಮ. ಹೇಳಿದವಳೇ ಹುಟ್ಟು ಎತ್ತಿಕೊಂಡು ಹರಿಗೋಲಿನ ಕಡೆ ನಡೆದಳು.

ಸಂಜೆಯವರೆಗೂ ಒಬ್ಬರ ಸೆರಗೂ ನೆನೆಯಲಿಲ್ಲ. ಆಮೇಲೆ ಚನ್ನಬಸವಯ್ಯನೇ ಸಂಸಾರ ಸಮೇತ ಬಂದ. ಹೆಂಡತಿ ಪಂಪಮ್ಮನ ಮಡಿಲಲ್ಲಿ ಹಸುಗೂಸು ಮೊಮ್ಮಗ. ಅತ್ತಿಗೆ ಎಡವುವುದನ್ನು ಕಣ್ಣಾರೆ ನೋಡಲು ಓಬಯ್ಯನೂ ಹತ್ತಿದ. ಭಾರ ಹೆಚ್ಚಾಯಿತು, ಒಂದಿಬ್ಬರು ಇಳಿಯಿರಿ ಎಂದರೆ ಕೇಳುವವರು ಯಾರು? ದೊಡ್ಡವರು ಕೂತ ಮೇಲೆ ಕೂತಿದ್ದೇ ಸೈ.

ನಡುನೀರು ದಾಟುತ್ತಲೇ ಕೋಡಿಯ ಸೆಳೆತ ಹರಿಗೋಲನ್ನು ಎಳೆಯತೊಡಗಿತು. ಭೋರೆನ್ನುವ ಸದ್ದು ಹತ್ತಿರವಾಯಿತು. ಜುಂಜಮ್ಮ ಮಂಡಿಯೂರಿ, ಹಲ್ಲು ಕಚ್ಚಿ ಹುಟ್ಟು ಹಾಕಿದಳು. ಅಷ್ಟರಲ್ಲಿ ಎದುರು ದಡದ ಗುಡಿಯಲ್ಲಿ ಗಂಟೆ ಮೊಳಗಿತು, ಗಂಗಮ್ಮನಿಗೆ ಆರತಿ ಎತ್ತಿದರು. ಆರತಿ ಕಂಡ ಮೇಲೆ ಕೂತಿರುವುದುಂಟೇ? ಚನ್ನಬಸವಯ್ಯ ಕೈಮುಗಿದು ಎದ್ದು ನಿಂತ. ಅವನ ಹಿಂದೆ ಎಲ್ಲರೂ ಏಳತೊಡಗಿದರು.

ಹರಿಗೋಲು ವಾಲಿತು. ನೀರು ಒಳಗೆ ನುಗ್ಗಿತು.

"ಕುಂದರ್ರಿ ಸಾವ್ಕಾರ್ರೆ! ನಿಮ್ಮ ಕಾಲಿಗೆ ಬೀಳ್ತೀನಿ, ಕುಂದರ್ರಿ!"

"ದೇವಿ ಮುಂದ ಕುಂದ್ರಂತೀಯಾ? ನಿನ್ನ ನಾಲಿಗಿ ಬಿದ್ದೀತು!" ಎಂದು ಗದರಿದ ಅವನು.

ಪಂಪಮ್ಮ ಕೂಸನ್ನು ಎತ್ತಿಕೊಂಡು ಏಳುವುದರಲ್ಲಿದ್ದಳು. ಇನ್ನೊಂದು ಗಳಿಗೆ ಕಳೆದರೆ ಎಲ್ಲರೂ ಕೋಡಿಯ ಪಾಲು. ಜುಂಜಮ್ಮ ತುರುಬು ಕಿತ್ತು ಕೂದಲು ಕೆದರಿದಳು, ಕಣ್ಣು ಮೇಲೆ ಮಾಡಿದಳು.

"ಕುಂದ್ರಲೇ! ನಾ ಬಂದೀನಿ, ಗಂಗಮ್ಮ! ನನ್ನ ನೀರಾಗ ನನಗಿಂತ ಎತ್ತರ ನಿಂದಿರ್ತೀರೇನಲೇ?"

ದಬದಬನೆ ಕೂತರು ನೋಡಿ! ಮೈಮೇಲೆ ದೇವರು ಬಂದವರು ಕುಣಿಯಬೇಕು, ಅವಳು ಕುಣಿದರೆ ಹರಿಗೋಲು ಮುಳುಗುತ್ತದೆ. ಅದಕ್ಕೇ ನಾಲಿಗೆಯಲ್ಲಷ್ಟೇ ಕುಣಿದಳು, ಕೈ ಹುಟ್ಟು ಬಿಡಲಿಲ್ಲ.

"ಓಬಯ್ಯಾ, ತಂಬಿಗಿ ತಗಾ, ನೀರು ಮೊಗದು ಚೆಲ್ಲು! ಚನ್ನಬಸಯ್ಯಾ, ಬಲಕ್ಕ ಸರಿ! ಉಸಿರೆತ್ತಿದ್ರ ನುಂಗಿಬಿಡ್ತೀನಿ!"

ಬೈಯುತ್ತ ಬೈಯುತ್ತಲೇ ಸೆಳೆತದಿಂದ ತಪ್ಪಿಸಿ ದಡ ಮುಟ್ಟಿಸಿದಳು. ಕೂಸು ಕಿಟಾರನೆ ಅತ್ತಿತು. ಆ ಅಳು ಕೇಳಿ ಅವಳಿಗೆ ಹೋದ ಜೀವ ಬಂದಂತಾಯಿತು.

"ಸಾವ್ಕಾರ್ರೆ, ಒಬ್ಬರಿಗೂ ಏನೂ ಆಗಿಲ್ಲ. ಹುಟ್ಟು ನಂದೇ ಅಲ್ಲೇನ್ರಿ?"

ಚನ್ನಬಸವಯ್ಯ ಉದ್ದಕ್ಕೆ ಅವಳ ಕಾಲಿಗೆ ಬಿದ್ದ. "ತಾಯಿ, ಗಂಗಮ್ಮ ಇಳಿದ ಮೈ ಇದು. ನಿನ್ನ ಕೈಲೆ ದುಡಿಸ್ಕೊಂಡು ನಾವು ನರಕಕ್ಕ ಹೋಗಾಣೇನು? ಓಬಯ್ಯಾ, ಹುಟ್ಟು ತಗಾ."

"ಅಯ್ಯಯ್ಯೋ, ಗಂಗಮ್ಮ ಬಂದಿಲ್ರಿ! ನಾನ ಕೂಗಿದ್ದು, ಸುಳ್ಳುಸುಳ್ಳೇ ಕೂಗಿದ್ದು! ನೀವು ಕುಂದ್ರಲಿ ಅಂತ!"

ಪಂಪಮ್ಮ ಮರುಕದಿಂದ ಅವಳ ಕೆನ್ನೆ ಸವರಿದಳು. "ದೇವಿ ಮೈಯಿಂದ ಇಳಿದ ಮ್ಯಾಲ ಯಾರಿಗೂ ನೆಪ್ಪಿರಂಗಿಲ್ಲವ್ವ. ಹಿಂಗ ಅಂತಾರ."

ಎಷ್ಟು ಆಣೆ ಇಟ್ಟರೂ ಅಷ್ಟೇ. ಅವಳು ಬೇಡವೆಂದಷ್ಟೂ ಅವರ ಭಕ್ತಿ ಹೆಚ್ಚಿತು. ವಾಪಸು ಹೊರಟಾಗ ಹರಿಗೋಲಿನ ನಡುವೆ ಕಂಬಳಿ ಹಾಸಿ, ಹಣೆ ತುಂಬ ಕುಂಕುಮ ಬಳಿದು ಅವಳನ್ನು ಕೂರಿಸಿದರು. ಓಬಯ್ಯ ಹುಟ್ಟನ್ನು ಅಡ್ಡಾದಿಡ್ಡಿ ಬಡಿದ. ಹರಿಗೋಲು ನಿಂತಲ್ಲೇ ಬುಗುರಿಯಂತೆ ತಿರುಗಿತು. ಅದನ್ನು ನೋಡಲಾರದೆ ಜುಂಜಮ್ಮ ಕೈ ಚಾಚಿದಳು. ಪಂಪಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು, ಕಣ್ಣಿಗೊತ್ತಿಕೊಂಡು ಮತ್ತೆ ಅವಳ ಮಡಿಲಲ್ಲಿಟ್ಟಳು.

ಜುಂಜಮ್ಮ ಬಿಕ್ಕಿಬಿಕ್ಕಿ ಅತ್ತಳು.

"ನೋಡ್ರಿ, ಗಂಗಮ್ಮನ ಕಣ್ಣಾಗ ನೀರು!" ಎಂದ ಚನ್ನಬಸವಯ್ಯ, ಕೂತಲ್ಲೇ ಕೈಮುಗಿದು. "ಬರೋ ವರ್ಷಾನೂ ಕೆರಿ ತುಂಬ್ತೈತಿ ಬಿಡ್ರಿ."