ಕೊನೆಗೆ ಹತ್ತುವವಳು

ಮೂರನೆಯ ದಿನ ಸಂಜೆ ಊಟದ ಟೆಂಟಿನಲ್ಲಿ ಗೈಡು ತನ್ನ ನೋಟ್‌ಬುಕ್ಕು ತೆರೆದು, ಎಲ್ಲರ ಎದುರಿಗೇ, "ಅಮ್ಮ, ನಾಳೆ ನೀವು ಇಲ್ಲೇ ಇರಿ. ಶಿಖರಕ್ಕೆ ಬರೋದು ಬೇಡ" ಅಂದ.

ನಾನು ಸೂಪು ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ. ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವಳಿಗೆ ಒಂದು ವಿಷಯ ಗೊತ್ತು: ಜಗಳ ಆಗುವಾಗ ಕೈಯಲ್ಲಿರುವುದನ್ನು ಕೆಳಗಿಡಬಾರದು, ಸೋತ ಹಾಗೆ ಕಾಣುತ್ತದೆ.

"ಯಾಕೆ?" ಅಂದೆ.

"ಮೂರು ದಿನವೂ ಕ್ಯಾಂಪಿಗೆ ಕೊನೇಲಿ ಬಂದಿರೋದು ನೀವೇ. ನೋಡಿ, ಬರೆದಿಟ್ಟಿದೀನಿ." ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ದಿನಕ್ಕೊಂದು ಪುಟ, ಯಾರು ಎಷ್ಟನೆಯವರಾಗಿ ಬಂದರು ಅಂತ ಒಂದರಿಂದ ಒಂಬತ್ತರವರೆಗೆ ಸಾಲು. ಮೂರೂ ಪುಟದಲ್ಲಿ ಒಂಬತ್ತರ ಎದುರು 'ಅಮ್ಮ' ಅಂತ ಬರೆದಿತ್ತು. "ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ತುದಿ ಮುಟ್ಟಬೇಕು. ಆಮೇಲೆ ಗಾಳಿ ಏಳತ್ತೆ, ಎಲ್ಲಿದ್ರೂ ವಾಪಸ್ಸು ತಿರುಗಲೇಬೇಕು. ಒಬ್ರು ನಿಧಾನ ಆದ್ರೆ ಎಲ್ಲರಿಗೂ ಶಿಖರ ತಪ್ಪತ್ತೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೋಪ ಬರಲು ಅದೂ ಒಂದು ಕಾರಣ.

ಈ ಬೆಟ್ಟ ನಮ್ಮ ಡಿಪೋದ ಗೇಟಿನಿಂದ ಕಾಣುತ್ತದೆ. ಮೋಡ ಇಲ್ಲದ ಬೆಳಗ್ಗೆ ಮೊದಲ ಟ್ರಿಪ್ಪಿಗೆ ಬಸ್ಸು ತೊಳೆಯುವ ಹೊತ್ತಿಗೆ ಅದರ ತುದಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಬೆಟ್ಟದ ಬುಡದ ಹಳ್ಳಿಗೆ ಡಿಪೋದಿಂದ ದಿನಕ್ಕೊಂದು ಬಸ್ಸು. ಆ ರೂಟು ಕೊಡಿ ಅಂತ ನಾನು ಏಳು ಸಲ ಅರ್ಜಿ ಹಾಕಿದೆ. ಡ್ಯೂಟಿ ಹಂಚುವ ಕಂಟ್ರೋಲರ್ ಏಳು ಸಲವೂ ಕನ್ನಡಕದ ಮೇಲಿಂದ ನೋಡಿ, "ಹೆಂಗಸ್ರಿಗೆ ಆ ರೂಟ್ ಆಗಲ್ಲಮ್ಮ, ಮೇಲೆ ಚಳಿ" ಅಂದರು. ಚಳಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಮಾರ್ಕೆಟ್ಟು, ಆಸ್ಪತ್ರೆ, ಮತ್ತೆ ಮಾರ್ಕೆಟ್ಟು ಅಂತ ಗಾಣದೆತ್ತಿನ ಹಾಗೆ ಸುತ್ತಿದೆ. ಅರವತ್ತು ತುಂಬಿತು, ಶಾಲು ಹೊದಿಸಿದರು, ಮನೆಗೆ ಕಳಿಸಿದರು. ನಾಲ್ಕು ತಿಂಗಳು ಮೆಟ್ಟಿಲು ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡು ಈ ಟ್ರೆಕ್ಕಿಗೆ ಹೆಸರು ಕೊಟ್ಟೆ.

ಮಗಳು ಹೌಹಾರಿದಳು. "ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳ್ತಾರಾ? ಬೆಟ್ಟ ಎಲ್ಲಿಗೂ ಓಡಿಹೋಗಲ್ಲ ಕಣಮ್ಮ."

"ಬೆಟ್ಟ ಹೋಗಲ್ಲ, ನನ್ನ ಮಂಡಿ ಹೋಗತ್ತೆ. ಅದಕ್ಕೇ ಈಗ್ಲೇ ಹೊರಟಿದೀನಿ" ಅಂದಿದ್ದೆ.

ಈಗ ಆ ಬೆಟ್ಟದ ಕೊನೆಯ ಕ್ಯಾಂಪಿನಲ್ಲಿ, ತುದಿಗೆ ಏಳು ತಾಸಿನ ದಾರಿ ಇರುವಾಗ, ಮತ್ತೊಬ್ಬ ಕಂಟ್ರೋಲರ್ ಎದುರಿಗೆ ಕೂತಿದ್ದ.

"ನಿಮ್ಮ ಮಗಳೂ ಫೋನ್ ಮಾಡಿದ್ರು. ಸ್ವಲ್ಪ ಸುಸ್ತು ಅಂತ ಕಂಡ್ರೂ ಕೆಳಗೆ ಕಳಿಸಿಬಿಡಿ, ಅವ್ರನ್ನ ಕೇಳೋಕೆ ಹೋಗ್ಬೇಡಿ ಅಂದ್ರು" ಅಂತ ಗೈಡು ಸೇರಿಸಿದ.

ನಾನೇ ಹೆತ್ತು, ನಾನೇ ಸಾಕಿದವಳು.

"ಗೈಡ್ ಸಾಹೇಬ್ರೇ, ದಿನಾ ಬೆಳಗ್ಗೆ ಬೆರಳಿಗೆ ಕ್ಲಿಪ್ ಹಾಕಿ ಉಸಿರು ನೋಡ್ತೀರಲ್ಲ, ಅದ್ರಲ್ಲಿ ನನ್ನ ನಂಬರ್ ಎಷ್ಟು?"

ಅವನು ಪುಟ ಮಗುಚಿದ. "ಎಂಬತ್ತೊಂಬತ್ತು. ಎಲ್ಲರಿಗಿಂತ ಚೆನ್ನಾಗಿದೆ. ಉಸಿರು ಸರಿಯಾಗಿದೆ, ಕಾಲು ನಿಧಾನ."

"ಕಾಲು ನಿಧಾನ ಅಂತ ನಿಮಗೆ ಹೆಂಗೆ ಗೊತ್ತು? ನೀವು ಮುಂದೆ ಇರ್ತೀರಿ. ನಾನು ನಡೆಯೋದನ್ನ ನೋಡಿದೀರಾ, ಬಂದು ಸೇರೋದನ್ನ ನೋಡಿದೀರಾ?"

ಇಷ್ಟು ಹೇಳಿದ ಮೇಲೆಯೇ ನನಗೂ ಹೊಳೆದದ್ದು. ನಾನು ಮೂರು ದಿನ ಯಾಕೆ ಕೊನೆಯಲ್ಲಿದ್ದೆ? ಸುಸ್ತಾಗಿ ಅಲ್ಲ. ಮೊದಲ ದಿನ ಮರದ ಸೇತುವೆ ಹತ್ತಿರ ನಮ್ಮ ಗುಂಪಿನ ಹಲ್ಲಿನ ಡಾಕ್ಟರು ಶೂ ಬಿಚ್ಚಿ ಬೊಬ್ಬೆಗೆ ಪಟ್ಟಿ ಹಚ್ಚುತ್ತ ಕೂತರು, ನಾನು ನಿಂತೆ. ಬ್ಯಾಂಕ್ ಮ್ಯಾನೇಜರ ಹೆಂಡತಿ ಬಂಡೆಯ ಮರೆಗೆ ಹೋದರು. ಅವರು ಬರುವ ತನಕ ನಿಂತೆ. ಒಂದೇ ಆಫೀಸಿನ ನಾಲ್ವರು, ನಾಲ್ಕು ಕೆಂಪು ಟೋಪಿ, ಪ್ರತಿ ತಿರುವಿನಲ್ಲೂ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾಲ್ಕೂ ಟೋಪಿ ಮುಂದೆ ಸಾಗುವ ತನಕ ನಿಂತೆ. ಸಾಲಿನ ಕೊನೆಗಿರಬೇಕಾದ ಗೈಡಿನ ಭಾವ ಟೆಂಟು ಹಾಕಲು ದಿನಾ ಮುಂದೆ ಓಡುತ್ತಿದ್ದರು. ಜಾಗ ಖಾಲಿ ಇತ್ತು, ನನಗೇ ಗೊತ್ತಿಲ್ಲದೆ ಹೋಗಿ ನಿಂತುಬಿಟ್ಟಿದ್ದೆ. ಎಲ್ಲರೂ ಹತ್ತಿದ ಮೇಲೆ ತಾನೇ ಕಂಡಕ್ಟರ್ ಹತ್ತುವುದು? ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ಡಿಪೋ ಕೊಟ್ಟ ಗುಣ, ಶಾಲು ಹೊದಿಸಿದರೂ ಹೋಗಿರಲಿಲ್ಲ.

ಅದನ್ನೇ ಹೇಳಿದೆ. ಕೆಂಪು ಟೋಪಿಗಳು ನಕ್ಕವು. ಗೈಡು ನಗಲಿಲ್ಲ. "ಇವತ್ತು ನೀವು ಒಂದು ಗಂಟೆ ತಡ. ಒಂದು ಗಂಟೆ ಯಾರಿಗೆ ಕಾದ್ರಿ?"

ಟೆಂಟಿನ ಮೂಲೆಯಲ್ಲಿ ಪೈಲ್ವಾನ ತಲೆ ತಗ್ಗಿಸಿದ. ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವ ಯುವಕ, ತೋಳು ಅಂದರೆ ತೊಡೆಯಷ್ಟು. ಹಾಗಾಗಿ ಎಲ್ಲರೂ ಇಟ್ಟ ಹೆಸರು ಅದು. ಮಧ್ಯಾಹ್ನ ದೊಡ್ಡ ಬಂಡೆಯ ಹಿಂದೆ ಎರಡು ಸಲ ವಾಂತಿ ಮಾಡಿಕೊಂಡಿದ್ದ. ತಲೆ ಸಿಡಿಯುತ್ತಿದೆ, ಯಾರಿಗೂ ಹೇಳಬೇಡಿ ಆಂಟಿ ಅಂತ ಕೈ ಮುಗಿದಿದ್ದ. ನಾನೂ ಪಾಪ ಅಂತ ಹೂಂ ಅಂದಿದ್ದೆ. ಕ್ಯಾಂಪಿನ ಹತ್ತಿರ ಬಂದಾಗ ಅವನನ್ನು ಮುಂದೆ ಬಿಟ್ಟು ನಾನು ಹಿಂದೆ ಬಂದೆ.

ಆ ಹೂಂ ನನ್ನ ತಪ್ಪು. ಎತ್ತರದ ಕಾಯಿಲೆ ಬಚ್ಚಿಟ್ಟರೆ ಜೀವಕ್ಕೇ ಕುತ್ತು ಅಂತ ಗೈಡು ಮೊದಲ ದಿನವೇ ಹೇಳಿದ್ದ. ನೋವಿರುವವನನ್ನು ಬಚ್ಚಿಟ್ಟು ಬಸ್ಸು ಬಿಡುವವಳು ಎಂಥ ಕಂಡಕ್ಟರು?

"ಪೈಲ್ವಾನ, ನೀನು ಹೇಳ್ತೀಯೋ, ನಾನು ಹೇಳ್ಲೋ?" ಅಂದೆ.

ಅವನು ನನ್ನನ್ನು ನುಂಗುವ ಹಾಗೆ ನೋಡಿದ. ಆಮೇಲೆ ತಾನೇ ಹೇಳಿದ. ಗೈಡು ಅವನ ಬೆರಳಿಗೆ ಮತ್ತೆ ಕ್ಲಿಪ್ಪು ಹಾಕಿದ. ಎಪ್ಪತ್ತು. ಹತ್ತೇ ನಿಮಿಷದಲ್ಲಿ, ಇನ್ನೂ ಬೆಳಕಿರುವಾಗಲೇ, ಗೈಡಿನ ಭಾವ ಅವನನ್ನು ಕೆಳಗಿನ ಕ್ಯಾಂಪಿಗೆ ಇಳಿಸಿಕೊಂಡು ಹೊರಟರು. ಪೈಲ್ವಾನ ಹೋಗುವಾಗ ನನ್ನ ಮುಖ ನೋಡಲಿಲ್ಲ. ಕೆಳಗೆ ಹೋಗಿ ಬದುಕಿ ಬೈಯಲಿ ಅಂದುಕೊಂಡೆ.

ಗೈಡು ಪೆನ್ನಿನ ಕ್ಯಾಪು ಹಾಕಿದ. "ಸರಿ. ನಾಳೆ ನನ್ನ ಬೆನ್ನ ಹಿಂದೇನೇ ನಡೀಬೇಕು. ಒಂದು ಹೆಜ್ಜೆ ಹಿಂದೆ ಬಿದ್ರೂ ಅಲ್ಲಿಂದ್ಲೇ ವಾಪಸ್."

"ಒಪ್ಪಿದೆ" ಅಂದು ಉಳಿದ ಸೂಪು ಕುಡಿದೆ. ಆರಿ ತಣ್ಣಗಾಗಿತ್ತು.

ಬೆಳಗಿನ ಜಾವ ಐದಕ್ಕೆ ಹೊರಟೆವು. ಅವನ ಬೂಟಿನ ಹಿಮ್ಮಡಿ ಎತ್ತಿದ ಗುರುತಿನಲ್ಲೇ ನನ್ನ ಬೂಟು ಇಡುತ್ತ ಹೋದೆ. ಅವನು ಬೇಕಂತಲೇ ಜೋರಾಗಿ ನಡೆಯುತ್ತಿದ್ದ, ಅದು ನನಗೆ ಗೊತ್ತಾಗುತ್ತಿತ್ತು, ನನಗೆ ಗೊತ್ತಾಗಿದೆ ಅಂತ ಅವನಿಗೂ ಗೊತ್ತಿತ್ತು. ಎದೆ ಡವಗುಟ್ಟಿತು. ಬಾಯಿ ಒಣಗಿತು. ಬ್ರೇಕ್ ಹಾಕಿದಾಗಲೆಲ್ಲ ಬೀಳದೆ ಮೂವತ್ತೊಂದು ವರ್ಷ ನಿಂತೇ ದುಡಿದ ಕಾಲುಗಳು ಇವು, ಇವನ ಹತ್ತಿರ ಸೋಲುತ್ತವೆಯೇ? ಒಂಬತ್ತಕ್ಕೆ, ಎರಡು ಗುಡ್ಡ ಸೇರುವ ತಗ್ಗಿಗೆ ಬಂದಾಗ ಅವನ ಬೆನ್ನಿಗೂ ನನ್ನ ಮೂಗಿಗೂ ನಡುವೆ ಒಂದು ಮೊಳ ಅಂತರವೂ ಇರಲಿಲ್ಲ.

ಆದರೆ ದಾರಿಯುದ್ದಕ್ಕೂ ಬೆನ್ನು ಜುಮ್ಮೆನ್ನುತ್ತಿತ್ತು. ಹಿಂದಿನ ಬಾಗಿಲು ತೆರೆದಿಟ್ಟೇ ಬಸ್ಸು ಬಿಟ್ಟ ಹಾಗೆ. ಕೆಳಗಿಂದ ಮಂಜು ಏರುತ್ತಿತ್ತು. ತಗ್ಗಿನಲ್ಲಿ ಗೈಡು ಒಂದು ಗಳಿಗೆ ನಿಂತು ತಿರುಗಿ ನೋಡಿ, ಎಲ್ಲರೂ ಬಂದರೆಂದು ತಲೆಯಾಡಿಸಿ ಮತ್ತೆ ಹೊರಟ. ನಾನು ಎಣಿಸಿದೆ. ನನ್ನ ಹಿಂದೆ ಏಳು ಜನ ಇರಬೇಕು. ಆರು ಇದ್ದರು. ಇನ್ನೊಮ್ಮೆ ಎಣಿಸಿದೆ. ನಾಲ್ಕು ಟೋಪಿ, ಡಾಕ್ಟರು, ಮ್ಯಾನೇಜರು. ಮ್ಯಾನೇಜರ ಹೆಂಡತಿ ಇಲ್ಲ. ಮ್ಯಾನೇಜರಿಗೆ ಅದು ಗೊತ್ತೂ ಇಲ್ಲ, ಚಾಕೊಲೇಟು ಸುಲಿಯುತ್ತಿದ್ದರು.

ಕೋಟಿನೊಳಗಿಂದ ವಿಸಿಲ್ ತೆಗೆದೆ. ಡ್ಯೂಟಿಯ ವಿಸಿಲ್ಲೇ, ಕೊನೆಯ ದಿನ ವಾಪಸ್ಸು ಕೊಟ್ಟಿರಲಿಲ್ಲ. ಒಂದೇ ಉದ್ದದ ಊದು. ನಿಲ್ಲಿಸು ಅಂತ ಅರ್ಥ; ಎರಡು ಊದಿದರೆ ಹೊರಡು.

ಗೈಡು ಗಕ್ಕನೆ ನಿಂತ. ಮುಖ ಕೆಂಪಾಗಿತ್ತು. "ನನ್ನ ಸಾಲನ್ನ ನಿಲ್ಲಿಸೋಕೆ ನೀವ್ಯಾರು?"

"ಒಬ್ರು ಕಮ್ಮಿ ಇದಾರೆ."

"ಹಿಂದೆ ಭಾವ ಇದಾ..." ಅಂದವನು ಮಾತು ಅಲ್ಲೇ ನಿಲ್ಲಿಸಿದ. ಭಾವ ಪೈಲ್ವಾನನ ಜೊತೆ ಕೆಳಗಿದ್ದರು. ಹಿಂದೆ ಯಾರೂ ಇರಲಿಲ್ಲ.

ವಿಸಿಲ್ ಬಿಟ್ಟು ಬಿಟ್ಟು ಊದುತ್ತಲೇ ಇದ್ದೆ. ಐದು ನಿಮಿಷಕ್ಕೆ ತಿರುವಿನ ಕೆಳಗಿಂದ ಆ ಹೆಂಗಸು ಏದುಸಿರು ಬಿಡುತ್ತ ಬಂದರು. ಹಿಮದಲ್ಲಿ ಜಾರದಿರಲು ಬೂಟಿಗೆ ಕಟ್ಟಿದ ಮುಳ್ಳಿನ ಪಟ್ಟಿ ಕಳಚಿತ್ತಂತೆ. ಕಟ್ಟಿಕೊಂಡು ತಲೆ ಎತ್ತಿದರೆ ಮಂಜಿನಲ್ಲಿ ಯಾರೂ ಕಾಣಲಿಲ್ಲ, ಎಡಕ್ಕೆ ಹೊರಟಿದ್ದರಂತೆ. ಎಡಕ್ಕೆ ಪ್ರಪಾತ. ವಿಸಿಲ್ ಕೇಳಿ ಬಲಕ್ಕೆ ತಿರುಗಿದರು. ಮ್ಯಾನೇಜರ ಕೈಯಿಂದ ಚಾಕೊಲೇಟು ಬಿತ್ತು.

ಗೈಡು ಬಗ್ಗಿ ಆಕೆಯ ಪಟ್ಟಿಯನ್ನು ತಾನೇ ಬಿಗಿಮಾಡಿದ. ಆಮೇಲೆ ನನ್ನ ಕಡೆ ತಿರುಗಿ, "ನಡೀರಿ ಅಮ್ಮ, ನನ್ನ ಹಿಂದೆ ಬನ್ನಿ. ನಿಮ್ಮ ಕಾಲು ಗಟ್ಟಿ ಇದೆ ಅಂತ ಗೊತ್ತಾಯ್ತು. ನಮ್ಮೆಲ್ಲರಿಗಿಂತ ಮೊದ್ಲು ನಿಮ್ಮನ್ನೇ ತುದಿ ಮುಟ್ಟಿಸ್ತೀನಿ" ಅಂದ.

"ನಾನು ಮುಂದೆ ಬರಲ್ಲ."

"ಅಂದ್ರೆ?"

"ನನ್ನ ಜಾಗ ಹಿಂದೆ."

"ಹಿಂದೆ ಬಿದ್ದು ಹನ್ನೆರಡಾದ್ರೆ ತುದಿ ಕಣ್ಣೆದುರಿಗಿದ್ರೂ ನಿಮಗಿಲ್ಲ. ನಾನು ನಿಮಗೋಸ್ಕರ ಕಾಯಲ್ಲ."

"ಕಾಯೋದು ನನ್ನ ಕೆಲಸ, ನಿಮ್ಮದಲ್ಲ. ನೀವು ಗಾಡಿ ಓಡ್ಸಿ."

ಪಕ್ಕಕ್ಕೆ ಸರಿದು ನಿಂತೆ. ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು. ಮೊದಲ ಸ್ಥಾನ ಸಿಕ್ಕಿದರೂ ಬಿಟ್ಟುಕೊಟ್ಟೆನಲ್ಲ ಎಂದು ಎದೆಯಲ್ಲಿ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಅಂಥ ಆಸೆ ಯಾರಿಗಿಲ್ಲ? ಆದರೆ ಮೂರು ಪುಟದಲ್ಲಿ ಒಂಬತ್ತನೆಯವಳು ಅಂತ ಬರೆದು ನನ್ನನ್ನು ನಾಚಿಸಲು ನೋಡಿದ್ದನಲ್ಲ, ಆ ಒಂಬತ್ತನೇ ಜಾಗದಿಂದಲೇ ನಾನು ತುದಿ ಮುಟ್ಟಬೇಕಿತ್ತು.

ಕೊನೆಯ ಏರು ಗೋಡೆಯ ಹಾಗಿತ್ತು. ಟೋಪಿಗಳು ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದವು.

"ಮುಂದೆ ಹೋಗಿ, ಮುಂದೆ ಹೋಗಿ. ಮುಂದೆ ಜಾಗ ಇದೆ" ಅಂದೆ, ಜನ್ಮದ ಅಭ್ಯಾಸ.

"ಸೀಟಿದೆಯಾ ಕಂಡಕ್ಟ್ರಮ್ಮ?" ಡಾಕ್ಟರು ಕೇಳಿದರು.

"ನಿಂತ್ಕೊಂಡು ಬರೋರು ಮಾತ್ರ ಹತ್ತಿ."

ಅಷ್ಟು ಸುಸ್ತಿನಲ್ಲೂ ನಕ್ಕರು. ನಕ್ಕವರು ನಾಲ್ಕು ಹೆಜ್ಜೆ ಹೆಚ್ಚು ನಡೆದರು. ಹನ್ನೊಂದೂಮುಕ್ಕಾಲಿಗೆ ನನ್ನ ಮಂಡಿ ಮಾತು ಕೇಳುವುದನ್ನು ಬಿಟ್ಟಿತು. ಅದನ್ನು ಬೈಯುತ್ತ, ಕೈಯಿಂದ ಎತ್ತಿ ಎತ್ತಿ ಇಟ್ಟೆ. ತಲೆಯೆತ್ತಿದರೆ ಮೇಲೆ ಸಾಲು ನಿಂತುಬಿಟ್ಟಿತ್ತು. ಹನ್ನೆರಡಾಯಿತು, ವಾಪಸ್ಸು ತಿರುಗಿಸುತ್ತಿದ್ದಾನೆ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಬಂದರೂ ಬಿಡದೆ ಹತ್ತಿದೆ. ತಿರುಗುವುದಾದರೆ ನನ್ನ ಎದುರಿಗೆ ನಿಂತು ಹೇಳಲಿ.

ಅವರು ತುದಿಗೆ ನಾಲ್ಕು ಹೆಜ್ಜೆ ಕೆಳಗೆ ನಿಂತಿದ್ದರು. ಯಾರೂ ತುದಿ ಮುಟ್ಟಿರಲಿಲ್ಲ. ಗೈಡು ಅಡ್ಡಲಾಗಿ ಕೋಲು ಹಿಡಿದು ತಡೆದಿದ್ದ. ಗಡಿಯಾರದಲ್ಲಿ ಹನ್ನೆರಡಕ್ಕೆ ಎಂಟು ನಿಮಿಷ.

ನಾನು ಬಂದು ನಿಂತ ಮೇಲೆ, "ಕಂಡಕ್ಟ್ರಮ್ಮ, ಎಷ್ಟು ಜನ?" ಅಂದ. ನಾಲ್ಕು ದಿನದಲ್ಲಿ ಮೊದಲ ಸಲ ಬರೀ ಅಮ್ಮ ಅನ್ನಲಿಲ್ಲ.

ಉಸಿರು ಹಿಡಿದು ಎಣಿಸಿದೆ. "ಎಂಟು. ನಿಮ್ಮನ್ನ ಸೇರಿಸಿ ಒಂಬತ್ತು. ಎಲ್ಲರೂ ಇದಾರೆ."

ಅವನು ಕೋಲು ತೆಗೆದ.

ತುದಿಯಲ್ಲಿ ಹತ್ತು ಜನ ನಿಲ್ಲುವಷ್ಟು ಜಾಗ. ಗಾಳಿ ಮುಖಕ್ಕೆ ಬಾರಿಸುತ್ತಿತ್ತು. ಚಳಿ ಅಂದರೆ ಚಳಿ. ಕಂಟ್ರೋಲರ್ ಅದೊಂದು ಮಾತ್ರ ನಿಜ ಹೇಳಿದ್ದರು. ಫೋನು ಗುಂಯ್ಗುಟ್ಟಿತು, ಮಗಳು. "ಅಮ್ಮ, ಕೆಳಗೆ ಕಳಿಸಿದ್ರಾ?"

"ಕಳಿಸ್ತಾರೆ. ಇದಕ್ಕಿಂತ ಮೇಲೆ ಹೋಗೋಕೆ ಇನ್ನೇನೂ ಉಳಿದಿಲ್ಲ."

ಆ ಕಡೆ ಅತ್ತ ಹಾಗೆ ಕೇಳಿಸಿತು. ಮನೆಗೆ ಬಂದು ಬೈತೀನಿ ಅಂತ ಹೇಳಿ ಇಟ್ಟೆ.

ಮಂಜು ಹರಿದಿತ್ತು. ದೂರದಲ್ಲಿ, ತುಂಬ ಕೆಳಗೆ, ಹಳ್ಳಿಯ ರಸ್ತೆ ದಾರದಷ್ಟು ತೆಳ್ಳಗೆ ಕಾಣುತ್ತಿತ್ತು. ಹನ್ನೆರಡರ ಬಸ್ಸು ಅಲ್ಲಿಗೆ ಬಂದು ತಿರುಗುವ ಹೊತ್ತು. ಗೈಡು ಎಲ್ಲರನ್ನೂ ಇಳಿಯುವ ಸಾಲಿಗೆ ನಿಲ್ಲಿಸಿ, ತಾನು ಮುಂದೆ ನಿಂತು, ಹೊರಡದೆ ನನ್ನ ಕಡೆ ನೋಡಿದ. ಎಂಟು ಮುಖಗಳೂ ನನ್ನ ಕಡೆ ತಿರುಗಿದವು.

ನಾನು ಅವಸರ ಮಾಡಲಿಲ್ಲ. ವಿಸಿಲ್ ಬಾಯಿಗಿಟ್ಟುಕೊಂಡು ಇನ್ನೊಮ್ಮೆ ಎಣಿಸಿದೆ. ಏಳು ಅರ್ಜಿ ಹಾಕಿದರೂ ಕೊಡದ ರೂಟಿನಲ್ಲಿ, ನಾನು ಊದುವ ತನಕ ಯಾರೂ ಕದಲಲಿಲ್ಲ.