ಕೋಪದ ಅಳತೆ

ನನ್ನ ಕೋಪದ ವಿಷಯ ಬೀದಿಗೆಲ್ಲ ಗೊತ್ತು. ಗುಂಡಿ ಹಚ್ಚುವಾಗ ಮಾತನಾಡಿಸಿದವರ ಮೇಲೆ ಹರಿಹಾಯುವ ದರ್ಜಿ ನಾನು. ಅಂಥ ನನ್ನನ್ನೂ ಮೀರಿಸಿದವಳು ನನ್ನ ಆರು ವರ್ಷದ ಮೊಮ್ಮಗಳು. ಅವಳಿಗೆ ಸಿಡಿಮದ್ದು ಎಂದೇ ಹೆಸರು. ಶಾಲೆ ಬಿಟ್ಟ ಮೇಲೆ, ನನ್ನ ಮಗಳು ಕೆಲಸ ಮುಗಿಸಿ ಬರುವವರೆಗೂ, ಅವಳು ನನ್ನ ಅಂಗಡಿಯಲ್ಲೇ ಇರುತ್ತಾಳೆ. ಆ ಮೂರು ಗಂಟೆಗಾಗಿಯೇ ನಾನು ಬೆಳಗಿನಿಂದ ಮಷಿನ್ ತುಳಿಯುವುದು ಎಂದು ಯಾರಿಗೂ ಹೇಳಿಲ್ಲ.

ಅವತ್ತು ನಾನೊಂದು ಘನಂದಾರಿ ಕೆಲಸ ಮಾಡಿದೆ. ಅವಳ ಹಳೇ ಹಳದಿ ಫ್ರಾಕು ಗಿಡ್ಡವಾಗಿತ್ತು. ಅಂಥದ್ದೇ ದೊಡ್ಡದು ಹೊಲಿದು ಖುಷಿಪಡಿಸೋಣ ಎಂದು, ದರ್ಜಿಗಳು ಮಾಡುವ ಹಾಗೆ, ಹಳೆಯದರ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಹೊಸ ಬಟ್ಟೆಯ ಮೇಲೆ ಹರಡಿ ಗುರುತು ಹಾಕುತ್ತಿದ್ದೆ. ಅಷ್ಟರಲ್ಲಿ ಬಂದಳು. ತೋಳು ಒಂದು ಕಡೆ, ಬೆನ್ನು ಒಂದು ಕಡೆ ಬಿದ್ದಿದ್ದ ತನ್ನ ಫ್ರಾಕನ್ನು ಕಂಡಳು.

ಅಯ್ಯಯ್ಯೋ, ಏನು ಕಿರುಚಾಟ! ಕೈ ಬೀಸಿದ ಏಟಿಗೆ ಗುಂಡಿ ಡಬ್ಬಿ ನೆಲಕ್ಕೆ. “ನೀನು ಕೆಟ್ಟ ಅಜ್ಜಿ! ನಾಳೆಯಿಂದ ಬರಲ್ಲ! ಯಾವತ್ತೂ ಬರಲ್ಲ!” ಎಂದು ಮೇಜಿನಡಿ ತೂರಿಕೊಂಡಳು.

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಬರಲ್ಲ ಎಂದ ಮಾತು ಎದೆಗೇ ನಾಟಿತ್ತು. ಮಂಡಿ ಲಟಲಟ ಎನ್ನುತ್ತಿದ್ದರೂ ನಾನೂ ಮೇಜಿನಡಿ ತೂರಿದೆ. ಸಮಾಧಾನ ಮಾಡುವುದು ನನಗೆ ಬಾರದು. ಬರುವುದು ಅಳತೆ ತೆಗೆಯುವುದೊಂದೇ.

“ಕೋಪ ಎಷ್ಟುದ್ದ ಇದೆ ಹೇಳು ತಾಯಿ. ಅಳತೆ ತಗೋತೀನಿ.”

ಬಿಕ್ಕುತ್ತಲೇ ಯೋಚಿಸಿದಳು. “ಇಲ್ಲಿಂದ... ಬಾಗಿಲ ತನಕ.”

ಟೇಪು ಎಳೆಯುತ್ತ ಅಂಬೆಗಾಲಿಟ್ಟೆ. ಬಾಗಿಲು ಮುಟ್ಟುವುದೇ ತಡ, “ಸಾಕಾಗಲ್ಲ! ರೋಡಲ್ಲೂ ಇದೆ!” ಎಂದು ಇನ್ನೊಂದು ತುದಿ ಹಿಡಿದು ಹೊರಗೋಡಿದಳು.

ಎದುರಿನ ಕಟಿಂಗ್ ಶಾಪಿನವನು ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಬಂದ. “ಏನಮ್ಮಾ ಅಳೀತಿದೀರಿ?”

“ಕೋಪ! ಬಾಯಿ ಬಿಟ್ಕೊಂಡು ನಿಂತ್ಕೋಬೇಡ, ತುದಿ ಹಿಡ್ಕೋ!” ಎಂದು ಗದರಿದೆ. ಪಾಪ, ಹಿಡಿದ. ಹಿಂದೆಯೇ ಬಂದ ಅರ್ಧ ಗಡ್ಡದವನು ಎಣಿಸತೊಡಗಿದ. ಹತ್ತು ಟೇಪು, ಹನ್ನೊಂದು ಟೇಪು, ಸೈಕಲ್ಲು ಅಡ್ಡ ಬಂತು, ಮತ್ತೆ ಹನ್ನೊಂದು! ಬೀದಿ ಕೊನೆ ಮುಟ್ಟುವಷ್ಟರಲ್ಲಿ ಸಿಡಿಮದ್ದು ಬಿದ್ದು ಬಿದ್ದು ನಗುತ್ತಿದ್ದಳು. ನಾನು ಏದುಸಿರು ಬಿಡುತ್ತಲೇ ನಗುತ್ತಿದ್ದೆ.

ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತೆವು.

“ಕೋಪ ಮುಗೀತು ಅಜ್ಜಿ. ಅಳು ಇನ್ನೂ ಇದೆ. ಆ ಫ್ರಾಕು ನಂಗೆ ತುಂಬಾ ಇಷ್ಟ.”

“ಅಳು ಬಂದ್ರೆ ಅಳು ಕಂದ. ನಿನ್ನ ಕೇಳ್ದೆ ಬಿಚ್ಚಿದ್ದು ನನ್ನ ತಪ್ಪು. ಇದ್ದ ಹಾಗೇ ವಾಪಸ್ ಹೊಲಿದು ಕೊಡ್ತೀನಿ.” ಇಷ್ಟು ವರ್ಷದಲ್ಲಿ ಯಾವ ಗಿರಾಕಿಯ ಮುಂದೆಯೂ ತಪ್ಪು ಒಪ್ಪಿಕೊಂಡವಳಲ್ಲ ನಾನು.

ನನ್ನ ಮಡಿಲಲ್ಲಿ ಒಂದಿಷ್ಟು ಅತ್ತಳು. ಆಮೇಲೆ ಮೂಗೊರೆಸಿಕೊಂಡು ನನ್ನ ಮುಖ ನೋಡಿದಳು. “ನಿಂಗೂ ಕೋಪ ಬಂದಿದ್ಯಾ?”

“ಇಲ್ಲ. ಭಯ ಆಗಿದೆ.”

“ಯಾಕೆ?”

“ನಾಳೆ ನೀನು ಬರಲ್ವಲ್ಲ, ಅದಕ್ಕೆ.”

ಟೇಪು ಕಸಿದುಕೊಂಡಳು. “ಎದ್ದು ನಿಂತ್ಕೋ. ಅಲ್ಲಾಡ್ಬೇಡ!” ಎಂದು ನನ್ನದೇ ಗತ್ತಿನಲ್ಲಿ ಗದರಿ, ನನ್ನ ಸೊಂಟ ಬಳಸಿದಳು. ಆ ಪುಟ್ಟ ಕೈಗಳು ಹಿಂದೆ ಒಂದಕ್ಕೊಂದು ಸಿಗಲಿಲ್ಲ. ಕೆನ್ನೆಯನ್ನು ನನ್ನ ಹೊಟ್ಟೆಗೊತ್ತಿ ಇನ್ನೂ ಚಾಚಿದಳು. ಆಗಲೂ ಸಿಗಲಿಲ್ಲ.

“ಅಬ್ಬಬ್ಬಾ, ಎಷ್ಟು ದೊಡ್ಡ ಭಯ ಅಜ್ಜಿ ನಿಂದು! ಇವತ್ತೊಂದಿನಕ್ಕೆ ಮುಗಿಯಲ್ಲ. ಮಿಕ್ಕಿದ್ದು ನಾಳೆ ಬಂದು ಅಳೀತೀನಿ.”